ವಸತಿ ನ್ಯಾಯದ ಕೆಲಸಕ್ಕೆ ನಮ್ಮ ದೇವಸ್ಥಾನಗಳೂ ಬರಲಿ: ಅಮೆರಿಕದ ಧರ್ಮದರ್ಶಿಗಳಿಗೂ ಭಕ್ತರಿಗೂ ಒಂದು ಬಹಿರಂಗ ಪತ್ರ

ಅಮೆರಿಕದ ಹಿಂದೂ ದೇವಸ್ಥಾನಗಳ ಧರ್ಮದರ್ಶಿ ಮಂಡಳಿಗಳಿಗೆ, ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಮತ್ತು ಎಲ್ಲ ಭಕ್ತಬಾಂಧವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ, ದೇವಸ್ಥಾನಕ್ಕೂ ಕನ್ನಡ ಕೂಟಕ್ಕೂ ಸದಸ್ಯಳಾಗಿರುವ ಒಬ್ಬ ಗೃಹಿಣಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ಈ ದೇಶದಲ್ಲಿ ಚರ್ಚುಗಳು, ಯಹೂದಿಗಳ ಸಿನಗಾಗ್‌ಗಳು, ಮಸೀದಿಗಳು ಒಟ್ಟುಗೂಡಿ ವಸತಿ ನ್ಯಾಯಕ್ಕಾಗಿ, ಎಂದರೆ ಎಲ್ಲರಿಗೂ ಕೈಗೆಟಕುವ ಮನೆ ಸಿಗಲೆಂದು, ಕಟ್ಟಿಕೊಂಡು ಬಂದಿರುವ ಸಂಘಟನೆಗಳಿಗೆ ನಮ್ಮ ದೇವಸ್ಥಾನಗಳೂ ಸೇರಬೇಕು. ಒಬ್ಬಿಬ್ಬರು ಭಕ್ತರು ತಮ್ಮ ಪಾಡಿಗೆ ಹೋಗಿ ಬಂದರೆ ಸಾಲದು; ಧರ್ಮದರ್ಶಿ ಮಂಡಳಿಯೇ ನಿರ್ಣಯ ಮಾಡಿ, ವಂತಿಗೆ ಕಟ್ಟಿ, ದೇವಸ್ಥಾನದ ಹೆಸರಿನಲ್ಲಿ ಸೇರಬೇಕು. ನಾನು ಹೋಗಿ ಬಂದ ಅಂಥ ಸಭೆಗಳಲ್ಲಿ ಸಂಸ್ಥೆಗಳ ಹೆಸರು ಕೂಗುವಾಗ ಒಂದೊಂದೇ ಗುಂಪು ಎದ್ದು ನಿಲ್ಲುತ್ತದೆ. ನಮ್ಮ ಕಡೆಯ ಒಂದು ದೇವಸ್ಥಾನದ ಹೆಸರೂ ಅಲ್ಲಿ ಕೇಳಿಬರಲಿಲ್ಲ. ಅದೇ ಊರುಗಳಲ್ಲಿ ನಾವು ಸಾವಿರಾರು ಕುಟುಂಬಗಳಿದ್ದೇವೆ, ಎತ್ತರದ ರಾಜಗೋಪುರಗಳನ್ನು ಕಟ್ಟಿಸಿದ್ದೇವೆ.

ನಾವು ಏನೂ ಮಾಡುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಅನ್ನದಾನ ನಡೆಯುತ್ತದೆ, ರಕ್ತದಾನ ಶಿಬಿರ ನಡೆಯುತ್ತದೆ, ಚಳಿಗಾಲದಲ್ಲಿ ಕಂಬಳಿ ಹಂಚುತ್ತೇವೆ, ಊರಿನ ಗಂಜಿಕೇಂದ್ರಕ್ಕೆ ಅಕ್ಕಿ ಬೇಳೆ ಕಳುಹಿಸುತ್ತೇವೆ. ಇವೆಲ್ಲವೂ ಪುಣ್ಯದ ಕೆಲಸಗಳೇ, ನಿಲ್ಲಬಾರದು. ಆದರೆ ಆ ಕೇಂದ್ರದಲ್ಲಿ ಊಟ ಮಾಡಿದ ತಾಯಿ ಮಕ್ಕಳೊಂದಿಗೆ ರಾತ್ರಿ ಮಲಗಲು ಮರಳಿ ಕಾರಿಗೇ ಹೋಗುತ್ತಾಳೆ. ಅವಳಿಗೆ ಮನೆ ಸಿಗದಿರುವುದು ದೈವಸಂಕಲ್ಪವೇನಲ್ಲ. ನಮ್ಮ ಟೌನ್‌ಶಿಪ್‌ಗಳ ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ) ನಿಯಮಗಳಲ್ಲಿ ಒಂದು ಮನೆಗೆ ಇಷ್ಟು ದೊಡ್ಡ ನಿವೇಶನ ಇರಲೇಬೇಕು, ಈ ಭಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವಂತಿಲ್ಲ ಎಂದು ಬರೆದುಕೊಂಡಿರುವುದರಿಂದ, ಕಡಿಮೆ ಬಾಡಿಗೆಯ ಮನೆ ಕಟ್ಟುವುದೇ ಅಸಾಧ್ಯವಾಗುತ್ತದೆ. ಆ ನಿಯಮಗಳನ್ನು ಮಾಡಿದವರು ಮನುಷ್ಯರು, ಮನುಷ್ಯರೇ ಅವನ್ನು ಬದಲಾಯಿಸಬಲ್ಲರು. ನಿಯಮ ಬದಲಾಗಬೇಕಾದರೆ ನಗರಸಭೆಯ ಎದುರು ಸಂಘಟಿತರಾಗಿ ನಿಲ್ಲಬೇಕು, ಅನ್ನದಾನವೊಂದರಿಂದ ಅದು ಸಾಧ್ಯವಿಲ್ಲ. ನಮ್ಮದೇ ದೇವಸ್ಥಾನಗಳ ಅಡುಗೆಯವರು, ಪರಿಚಾರಕರು, ಎಷ್ಟೋ ಕಡೆ ಅರ್ಚಕರ ಕುಟುಂಬಗಳೂ ದೇವಸ್ಥಾನವಿರುವ ಊರಿನಲ್ಲಿ ಬಾಡಿಗೆ ಕೊಡಲಾಗದೆ ದೂರದಿಂದ ಬಂದು ಹೋಗುತ್ತಿದ್ದಾರೆ. ಬೆಳಗಿನ ಸುಪ್ರಭಾತಕ್ಕೆ ಅವರು ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ ಎಂದು ದಯವಿಟ್ಟು ಒಮ್ಮೆ ಕೇಳಿ ನೋಡಿ.

ಈ ಹೋರಾಟ ನಮ್ಮದಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. 1923ರಲ್ಲಿ, ಭಾರತದಿಂದ ಬಂದು ನೆಲೆಸಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು. ಏಷ್ಯಾದ ಜನಾಂಗದವರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು ಎಂಬ ಷರತ್ತನ್ನು ಎಷ್ಟೋ ಮನೆಗಳ ಕ್ರಯಪತ್ರಗಳಲ್ಲಿಯೇ ಬರೆದಿಡುತ್ತಿದ್ದರು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ತೀರ್ಪು ಬಂದದ್ದು ಕಪ್ಪು ಜನರ ಒಂದು ಕುಟುಂಬ ಸೇಂಟ್ ಲೂಯಿಸ್‌ನಲ್ಲಿ ಮನೆ ಕೊಂಡು, ಬಿಡೆವು ಎಂದು ನಿಂತದ್ದರಿಂದ. 1965ರ ವಲಸೆ ಕಾಯಿದೆಯ ನಂತರ ಎಂಜಿನಿಯರುಗಳಾಗಿ, ವೈದ್ಯರಾಗಿ ಇಲ್ಲಿಗೆ ಬಂದ ನಮ್ಮ ಹಿರಿಯರಿಗೆ ಬಾಡಿಗೆ ಮನೆ ಸಿಕ್ಕಿದ್ದರ ಹಿಂದೆ, ಬ್ಯಾಂಕಿನ ಸಾಲ ದೊರೆತದ್ದರ ಹಿಂದೆ, 1968ರ ಫೇರ್ ಹೌಸಿಂಗ್ ಆಕ್ಟ್ ಇತ್ತು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇವುಗಳ ಕಾರಣಕ್ಕೆ ಮನೆ ನಿರಾಕರಿಸಬಾರದು ಎಂದ ಆ ಕಾಯಿದೆ ಸುಮ್ಮನೆ ಬಂದದ್ದಲ್ಲ.

ಅದು ಹೇಗೆ ಬಂತು ಎಂಬುದನ್ನು ತುಸು ವಿವರವಾಗಿ ಹೇಳಲು ಅನುಮತಿ ಕೊಡಿ. ಮಿಲ್ವಾಕಿ ನಗರಸಭೆಯ ಮೊದಲ ಕಪ್ಪು ಸದಸ್ಯೆ, ಮೊದಲ ಮಹಿಳಾ ಸದಸ್ಯೆ ವೆಲ್ ಫಿಲಿಪ್ಸ್, ಮನೆ ಕೊಡುವುದರಲ್ಲಿ ತಾರತಮ್ಯವನ್ನು ನಿಷೇಧಿಸುವ ಮಸೂದೆಯನ್ನು 1962ರಿಂದ ನಾಲ್ಕು ಬಾರಿ ಮಂಡಿಸಿದರು. ನಾಲ್ಕು ಬಾರಿಯೂ 18 ಮತಗಳು ವಿರುದ್ಧ, ಪರವಾಗಿ ಅವರದೊಂದೇ ಮತ. 1967ರ ಆಗಸ್ಟ್ 28ರಂದು ಕಪ್ಪು ತರುಣ ತರುಣಿಯರು, ಫಾದರ್ ಜೇಮ್ಸ್ ಗ್ರೊಪಿ ಎಂಬ ಬಿಳಿಯ ಕ್ಯಾಥೊಲಿಕ್ ಪಾದ್ರಿಯೊಂದಿಗೆ, ಕಪ್ಪು ಬಡಾವಣೆಯನ್ನೂ ಬಿಳಿಯರ ಬಡಾವಣೆಯನ್ನೂ ಬೇರ್ಪಡಿಸಿದ್ದ 16ನೇ ಬೀದಿಯ ಉದ್ದನೆಯ ಸೇತುವೆಯನ್ನು ದಾಟಿ ನಡೆದರು. ಆಚೆ ಬದಿಯಲ್ಲಿ ಸಾವಿರಾರು ಜನ ಕಲ್ಲು, ಬಾಟಲಿ ಹಿಡಿದು ಕಾದಿದ್ದರು. ಮರುದಿನವೂ ನಡೆದರು. ಮಂಜು ಸುರಿದರೂ ಬಿಡದೆ, ಒಟ್ಟು 200 ರಾತ್ರಿಗಳು ಆ ಮೆರವಣಿಗೆ ನಡೆಯಿತು. ಅದಕ್ಕೂ ಹಿಂದಿನ ವರ್ಷ ಚಿಕಾಗೊದಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಬಡವರ ಬಡಾವಣೆಯ ಬಾಡಿಗೆ ಮನೆಯೊಂದನ್ನು ಹಿಡಿದು, ವಸತಿಯ ಪ್ರಶ್ನೆಯನ್ನು ಬೀದಿಗೆ ತಂದಿದ್ದರು; ಮಾರ್ಕೆಟ್ (Marquette) ಪಾರ್ಕ್‌ನಲ್ಲಿ ಅವರ ತಲೆಗೆ ಕಲ್ಲು ಬಿದ್ದಿತ್ತು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು, ಏಳು ದಿನಗಳ ನಂತರ ಕಾಯಿದೆಗೆ ಸಹಿ ಬಿತ್ತು. ಆ ಜನರು ಯಾವ ದೇವರನ್ನು ಪೂಜಿಸುತ್ತಿದ್ದರು ಎಂಬುದು ಬೇರೆ ಮಾತು. ಅವರು ತೆತ್ತ ಬೆಲೆಯ ಫಲವನ್ನು ನಾವೂ ಉಣ್ಣುತ್ತಿದ್ದೇವೆ.

ಕಾನೂನು ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಕಪ್ಪು ಜನರ ಬಡಾವಣೆಗಳನ್ನು ನಕಾಶೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ, ಅಲ್ಲಿಗೆ ಗೃಹಸಾಲ ಕೊಡದಿರುವ ಪದ್ಧತಿ 1930ರ ದಶಕದಿಂದ ಬೇರೂರಿತ್ತು. ಬ್ಯಾಂಕು ಸಾಲ ಕೊಡದ ಕಾರಣ ಚಿಕಾಗೊದ ಕುಟುಂಬಗಳು ಕಂತಿನ ಕರಾರಿಗೆ ಒಪ್ಪಿ ದಳ್ಳಾಳಿಗಳಿಂದ ಮನೆ ಕೊಳ್ಳುತ್ತಿದ್ದರು. ಕೊನೆಯ ಕಂತು ತೀರುವವರೆಗೆ ಮನೆ ಅವರ ಹೆಸರಿಗೆ ಬರುತ್ತಿರಲಿಲ್ಲ, ನಡುವೆ ಒಂದು ಕಂತು ತಪ್ಪಿದರೂ ಕಟ್ಟಿದ್ದೆಲ್ಲ ಹೋಗಿ ಬೀದಿಗೆ ಬೀಳಬೇಕಾಗಿತ್ತು. ಕ್ಲೈಡ್ ರಾಸ್ ಎಂಬವರು 1961ರಲ್ಲಿ 27,500 ಡಾಲರ್‌ಗೆ ಒಪ್ಪಿಕೊಂಡ ಮನೆಯನ್ನು ಮಾರಿದವನು ಕೆಲವೇ ತಿಂಗಳ ಹಿಂದೆ 12,000 ಡಾಲರ್‌ಗೆ ಕೊಂಡಿದ್ದ. ಅಕ್ಕಪಕ್ಕದವರಿಗೆಲ್ಲ ಇದೇ ಗತಿಯಾಗಿದ್ದರೂ ನಾಚಿಕೆಯಿಂದ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡಿರಲಿಲ್ಲ. ಕ್ಯಾಥೊಲಿಕ್ಕರ ಜೆಸ್ವಿಟ್ ಸಂಘದ ಪಾದ್ರಿಯಾಗಲು ಓದುತ್ತಿದ್ದ ಒಬ್ಬರೂ ಕೆಲವು ವಿದ್ಯಾರ್ಥಿಗಳೂ ಮನೆಮನೆಯ ಬಾಗಿಲು ತಟ್ಟಿ, ದಾಖಲೆ ಕಚೇರಿಯಲ್ಲಿ ಹಳೆಯ ಕ್ರಯದ ಮೊತ್ತ ಹುಡುಕಿ ತೋರಿಸಿದಾಗ, ಒಂದು ಚರ್ಚಿನಲ್ಲಿ ಎಲ್ಲರೂ ಸೇರತೊಡಗಿದರು. 1968ರ ಕೊನೆಗೆ ಕಂತು ಕಟ್ಟುವುದನ್ನೇ ಒಟ್ಟಾಗಿ ನಿಲ್ಲಿಸಿದರು. ನ್ಯಾಯಾಲಯದ ಮೊಕದ್ದಮೆಗಳಲ್ಲಿ ಅವರು ಕೊನೆಗೆ ಸೋತರು, ಆದರೆ ಅಷ್ಟರಲ್ಲಿ ನೂರಾರು ಕುಟುಂಬಗಳ ಕರಾರುಗಳು ನ್ಯಾಯವಾದ ಬೆಲೆಗೆ ಇಳಿದಿದ್ದವು. ತನ್ನೊಬ್ಬನ ದುರದೃಷ್ಟ ಎಂದುಕೊಂಡದ್ದು ಎಲ್ಲರ ಮೇಲೂ ನಡೆದ ಅನ್ಯಾಯ ಎಂದು ತಿಳಿದದ್ದು ಆ ಚರ್ಚಿನ ಕೋಣೆಯಲ್ಲಿ. ಬೇರೆ ಯಾವ ಜಾಗಕ್ಕೂ ಅವರು ಅಷ್ಟು ವಿಶ್ವಾಸದಿಂದ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ದೇವರ ಮನೆಗೆ ಇರುವ ಆ ಶಕ್ತಿ ನಮ್ಮ ದೇವಸ್ಥಾನಗಳಿಗೂ ಇದೆ.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ ತಲೆಮಾರುಗಳಿಂದ ಬಾಳಿದ್ದ ಕಪ್ಪು ಕುಟುಂಬಗಳು ತಮ್ಮ ಮಕ್ಕಳೂ ಅದೇ ಊರಿನಲ್ಲಿ ಉಳಿಯಲೆಂದು 36 ಅಪಾರ್ಟ್‌ಮೆಂಟ್‌ಗಳನ್ನು ಕಟ್ಟಲು ಅನುಮತಿ ಕೇಳಿದವು. 1970ರಲ್ಲಿ ಅವರ ಪುಟ್ಟ ಚರ್ಚಿಗೇ ಬಂದ ಮೇಯರ್, ಇಲ್ಲಿ ಬಾಳುವಷ್ಟು ಹಣವಿಲ್ಲದಿದ್ದರೆ ಊರು ಬಿಡಬೇಕಾಗುತ್ತದೆ ಎಂಬ ಅರ್ಥದ ಮಾತು ಹೇಳಿ ಹೋದರು. ಪುಟ್ಟ ಮಕ್ಕಳ ಶಿಕ್ಷಕಿಯಾಗಿದ್ದ ಎಥೆಲ್ ಲಾರೆನ್ಸ್ ಮೊಕದ್ದಮೆ ಹೂಡಲು ಮುಂದೆ ನಿಂತರು. ಪ್ರತಿಯೊಂದು ಊರೂ ತನ್ನ ಪಾಲಿನ ಕೈಗೆಟಕುವ ವಸತಿಗೆ ಅವಕಾಶ ಕೊಡಲೇಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು, ಊರುಗಳು ಕೇಳದಿದ್ದಾಗ 1983ರಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿತು. ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಮೊದಲ ಕುಟುಂಬಗಳು ಬಂದದ್ದು 2000ದ ಕೊನೆಯಲ್ಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ನಂತರ ಅಧ್ಯಯನ ಮಾಡಿದಾಗ ಆ ಮನೆಗಳಿಂದಾಗಿ ಸುತ್ತಲಿನ ಅಪರಾಧ ಹೆಚ್ಚಿರಲಿಲ್ಲ, ಮನೆಗಳ ಬೆಲೆ ಕುಸಿದಿರಲಿಲ್ಲ, ತೆರಿಗೆ ಏರಿರಲಿಲ್ಲ. ಊರಿನವರು ಮೂವತ್ತು ವರ್ಷ ಹೆದರಿದ್ದ ಯಾವುದೂ ಆಗಲಿಲ್ಲ.

ಆ ತೀರ್ಪಿನ ಮುಂದುವರಿಕೆಯಾಗಿ 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಹೊಸ ಕಾಯಿದೆ ಬಂದಿದೆ. 2025ರಿಂದ 2035ರವರೆಗಿನ ಹತ್ತು ವರ್ಷಗಳಲ್ಲಿ ಪ್ರತಿಯೊಂದು ಊರೂ ಎಷ್ಟು ಮನೆಗಳಿಗೆ ಅವಕಾಶ ಮಾಡಿಕೊಡಬೇಕೆಂಬುದನ್ನು ಅದರ ಅಡಿಯಲ್ಲಿ ನಿರ್ಧರಿಸಲಾಗಿದೆ. ಕಾಗದದ ಮೇಲಿನ ಯೋಜನೆ ಇಟ್ಟಿಗೆ ಗಾರೆಯಾಗುವುದು ಮಾತ್ರ ಒಂದೊಂದು ಊರಿನ ಪ್ಲಾನಿಂಗ್ ಬೋರ್ಡ್ ಸಭೆಯಲ್ಲಿ, ವಾರದ ನಡುವಿನ ಸಂಜೆಗಳಲ್ಲಿ, ಯಾರು ಬಂದರು, ಯಾರು ಬರಲಿಲ್ಲ ಎಂಬುದರ ಮೇಲೆ.

ಅಂಥದೊಂದು ಸಭೆಯಲ್ಲಿ ನಾನು ಕೂತಿದ್ದೆ. ಊರಿನ ಅಂಚಿನಲ್ಲಿ ಅಪಾರ್ಟ್‌ಮೆಂಟ್ ಸಮುಚ್ಚಯದ ಪ್ರಸ್ತಾವವಿತ್ತು. ಮೈಕಿನ ಮುಂದೆ ಒಬ್ಬೊಬ್ಬರಾಗಿ ಬಂದು ಹೆಸರು, ವಿಳಾಸ ಹೇಳಿ ಅಭಿಪ್ರಾಯ ತಿಳಿಸಬೇಕು. ಬಂದವರಲ್ಲಿ ನಮ್ಮ ದೇಶದವರೇ ಬಹಳ ಮಂದಿ. ರಸ್ತೆಯಲ್ಲಿ ವಾಹನ ಹೆಚ್ಚುತ್ತದೆ, ಶಾಲೆಯಲ್ಲಿ ಮಕ್ಕಳು ಕಿಕ್ಕಿರಿಯುತ್ತಾರೆ, ಊರಿನ ಗುಣವೇ ಕೆಡುತ್ತದೆ ಎಂದರು. ಒಬ್ಬ ಹಿರಿಯರು, ಒಳ್ಳೆಯ ಮನುಷ್ಯರೇ, ನಾವು ಕಷ್ಟಪಟ್ಟು ಈ ಊರಿಗೆ ಬಂದಿದ್ದೇವೆ, ಎಲ್ಲರೂ ಹಾಗೆಯೇ ಬರಲಿ ಎಂದರು. ಅವರ ಹಿಂದೆಯೇ ವೃದ್ಧರ ಆರೈಕೆಗೆ ಮನೆಮನೆಗೆ ಹೋಗುವ ಹೆಂಗಸೊಬ್ಬಳು ಕೆಲಸದ ಉಡುಪಿನಲ್ಲೇ ಬಂದು ನಿಂತಳು. ನಿಮ್ಮ ತಂದೆ ತಾಯಿಯರಿಗೆ ಸ್ನಾನ ಮಾಡಿಸಿ, ಔಷಧಿ ಕುಡಿಸಿ, ಎರಡು ಬಸ್ ಬದಲಿಸಿ ಮನೆ ಸೇರುವಾಗ ನನ್ನ ಮಕ್ಕಳು ಮಲಗಿರುತ್ತಾರೆ, ನಾನು ಕೆಲಸ ಮಾಡುವ ಊರಿನಲ್ಲಿ ನನಗೆ ವಾಸಿಸುವ ಅರ್ಹತೆ ಇಲ್ಲವೇ ಎಂದು ಮೆಲ್ಲಗೆ ಕೇಳಿದಳು. ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ. ಅವಳ ಪಕ್ಕದಲ್ಲಿ ಒಬ್ಬ ಪಾಸ್ಟರ್ ಮತ್ತು ಯಹೂದಿಗಳ ಧರ್ಮಗುರುವಾದ ಒಬ್ಬ ರಬ್ಬಿ ನಿಂತಿದ್ದರು. ಅಲ್ಲಿ ನಮ್ಮ ದೇವಸ್ಥಾನದ ಪರವಾಗಿಯೂ ಒಬ್ಬರು ನಿಂತಿರಬೇಕಾಗಿತ್ತು.

ವಾಹನ ದಟ್ಟಣೆ, ಪಾರ್ಕಿಂಗ್, ಊರಿನ ಗುಣ ಎಂಬ ಈ ಆಕ್ಷೇಪಗಳು ನಮಗೆ ಹೊಸವಲ್ಲ. ದೇವಸ್ಥಾನ ಕಟ್ಟಲು ಹೊರಟಾಗ ನಮ್ಮ ವಿರುದ್ಧವೂ ಇವೇ ಮಾತುಗಳು ಕೇಳಿಬಂದದ್ದನ್ನು ಧರ್ಮದರ್ಶಿಗಳಾದ ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಜೋನಿಂಗ್ ನೆಪದಲ್ಲಿ ಪೂಜಾಸ್ಥಳಗಳಿಗೆ ಅಡ್ಡಿ ಮಾಡಬಾರದೆಂದು 2000ದಲ್ಲಿ ಕೇಂದ್ರ ಕಾಯಿದೆಯೇ ಬರಬೇಕಾಯಿತು, ಅದನ್ನು ತರಲು ಎಲ್ಲ ಮತಗಳವರೂ ದುಡಿದರು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಮಹಾವಲ್ಲಭ ಗಣಪತಿಯ ಸನ್ನಿಧಿ ಇರುವುದು ಬೌನ್ ಸ್ಟ್ರೀಟ್‌ನಲ್ಲಿ. ಕ್ರೈಸ್ತರ ಕ್ವೇಕರ್ ಪಂಥದವರಿಗೆ ಪ್ರಾರ್ಥನೆ ನಿಷೇಧವಾಗಿದ್ದ ಕಾಲದಲ್ಲಿ ತನ್ನ ಮನೆಯಲ್ಲೇ ಅವರಿಗೆ ಜಾಗ ಕೊಟ್ಟು ಬಂಧನಕ್ಕೊಳಗಾದ ಜಾನ್ ಬೌನ್ ಹೆಸರಿನ ಬೀದಿ ಅದು. ಅದಕ್ಕೂ ಮುಂಚೆ, 1657ರಲ್ಲಿ, ಅದೇ ಊರಿನ ನಿವಾಸಿಗಳು ಆ ನಿಷೇಧವನ್ನು ಪಾಲಿಸಲಾರೆವು ಎಂದು ಗವರ್ನರಿಗೆ ಪತ್ರ ಬರೆದು ಸಹಿ ಹಾಕಿದ್ದರು. ಸಹಿ ಹಾಕಿದವರು ಸ್ವತಃ ಕ್ವೇಕರರಲ್ಲ. ಬೇರೆಯವರ ಸಲುವಾಗಿ ಶಿಕ್ಷೆಗೆ ಸಿದ್ಧರಾದ ಜನರ ನೆಲದಲ್ಲಿ ನಮ್ಮ ವಿಘ್ನನಿವಾರಕ ನೆಲೆಗೊಂಡಿದ್ದಾನೆ.

ಸಂಘಟನೆಗೆ ಸೇರುವುದೆಂದರೆ ಇನ್ನೊಂದು ಸಮಿತಿಗೆ ಹೆಸರು ಬರೆಸುವುದಲ್ಲ. ಅದರ ಕ್ರಮವೇ ಬೇರೆ. ಚಿಕಾಗೊದಲ್ಲಿ 1940ರಲ್ಲಿ ಸಾಲ್ ಅಲಿನ್‌ಸ್ಕಿ ಸ್ಥಾಪಿಸಿದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್, ಓಕ್‌ಲ್ಯಾಂಡಿನಲ್ಲಿ 1972ರಲ್ಲಿ ಫಾದರ್ ಜಾನ್ ಬೌಮನ್ ಆರಂಭಿಸಿ ಈಗ ಫೇತ್ ಇನ್ ಆಕ್ಷನ್ ಎಂಬ ಹೆಸರಿನಲ್ಲಿರುವ ಜಾಲ, ಇಂಥವು ಬೆಳೆಸಿದ ಕ್ರಮದಲ್ಲಿ ಮೊದಲ ಕೆಲಸ ಭಾಷಣವಲ್ಲ, ಕೇಳಿಸಿಕೊಳ್ಳುವುದು. ಸದಸ್ಯರು ಇಬ್ಬಿಬ್ಬರಾಗಿ ಕೂತು ಅರ್ಧ ಮುಕ್ಕಾಲು ಗಂಟೆ ಒಬ್ಬರ ಬದುಕಿನ ಚಿಂತೆಯನ್ನು ಇನ್ನೊಬ್ಬರು ಕೇಳುತ್ತಾರೆ. ಆಮೇಲೆ ಮನೆಗಳಲ್ಲಿ ಹತ್ತು ಹನ್ನೆರಡು ಜನರ ಸಭೆ. ಎಲ್ಲರ ಮಾತಿನಲ್ಲೂ ಮರುಕಳಿಸುವ ಕಷ್ಟ ಯಾವುದೆಂದು ಗುರುತಿಸಿ, ಅದರ ಬಗ್ಗೆ ಯಾರಿಗೆ ಅಧಿಕಾರವಿದೆ, ಯಾವ ನಿಯಮ ತಿದ್ದಬೇಕು ಎಂದು ಓದಿ ತಿಳಿಯುತ್ತಾರೆ. ಕೊನೆಗೆ ಅಧಿಕಾರಸ್ಥರನ್ನು ಬಹಿರಂಗ ಸಭೆಗೆ ಕರೆಯುತ್ತಾರೆ. ನಾನು ನೋಡಿದ ಸಭೆಯಲ್ಲಿ ನಿವೃತ್ತ ದಾದಿಯೊಬ್ಬರು ವೇದಿಕೆಯ ಮೇಲಿದ್ದು, ಮೇಯರ್ ಅವರೇ, ಊರಿನ ಒಡೆತನದ ಆ ಖಾಲಿ ಜಾಗವನ್ನು ಕಡಿಮೆ ಬಾಡಿಗೆಯ ಮನೆಗಳಿಗೆ ಮೀಸಲಿಡಲು ಒಪ್ಪುತ್ತೀರಾ, ಹೌದು ಅಥವಾ ಇಲ್ಲ ಎಂದು ಹೇಳಿ ಎಂದು ಕೇಳಿದರು. ಸಮಯ ತೋರಿಸುವ ಫಲಕ ಹಿಡಿದು ಒಬ್ಬ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಉತ್ತರವನ್ನು ಎಲ್ಲರಿಗೂ ಕಾಣುವಂತೆ ದೊಡ್ಡ ಹಾಳೆಯ ಮೇಲೆ ಬರೆದರು. ಘೋಷಣೆಯಿಲ್ಲ, ಬೈಗುಳವಿಲ್ಲ, ಸನ್ಮಾನದ ಶಾಲೂ ಇಲ್ಲ. ಅಧಿಕಾರಸ್ಥರು ಬಂದಾಗ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಕಳುಹಿಸುವುದು ನಮ್ಮ ರೂಢಿ. ಒಂದು ಪ್ರಶ್ನೆಯನ್ನೂ ಕೇಳದೆ ಹಾಗೆ ಕಳುಹಿಸುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಈ ಕ್ರಮದಿಂದ ಏನಾಗುತ್ತದೆ ಎನ್ನುವವರು ನ್ಯೂಯಾರ್ಕಿನ ಪೂರ್ವ ಬ್ರೂಕ್ಲಿನ್ನಿಗೆ ಹೋಗಿ ನೋಡಬಹುದು. ಸುಟ್ಟು ಪಾಳುಬಿದ್ದಿದ್ದ ಬಡಾವಣೆಯಲ್ಲಿ ಅಲ್ಲಿನ ಚರ್ಚುಗಳು ಒಂದಾಗಿ, ಬೀದಿಗಳಿಗೆ ಹೆಸರಿನ ಫಲಕ ಹಾಕಿಸುವಂಥ ಸಣ್ಣ ಬೇಡಿಕೆಗಳಿಂದ ಆರಂಭಿಸಿ, 1980ರ ದಶಕದಲ್ಲಿ ಸ್ವಂತ ಮನೆಗಳನ್ನೇ ಕಟ್ಟಿಸಲು ಮುಂದಾದವು. ಚರ್ಚುಗಳ ನಿಧಿಯಿಂದ ಬಡ್ಡಿಯಿಲ್ಲದ ಕೈಸಾಲ ಬಂತು. ನಗರ ಖಾಲಿ ನಿವೇಶನಗಳನ್ನೂ, ಮನೆಗೆ 10,000 ಡಾಲರ್‌ನಂತೆ ಬಡ್ಡಿರಹಿತ ಸಾಲವನ್ನೂ ಕೊಟ್ಟಿತು. ಒಡೆದ ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ, ಬೈಬಲ್ಲಿನ ನೆಹೆಮಿಯನ ಹೆಸರಿನ ಆ ಯೋಜನೆಯಲ್ಲಿ ಬಸ್ ಚಾಲಕರು, ಆಸ್ಪತ್ರೆ ಸಹಾಯಕರು, ಗುಮಾಸ್ತರು ಮನೆಯೊಡೆಯರಾದರು. ಇಂದು ಆ ಮನೆಗಳ ಸಂಖ್ಯೆ ಸಾವಿರಗಳಲ್ಲಿದೆ.

ಧರ್ಮದರ್ಶಿಗಳು ನನ್ನೊಂದಿಗೆ ಹಂಚಿಕೊಂಡ ಅಳುಕುಗಳನ್ನು ನಾನು ಗೌರವಿಸುತ್ತೇನೆ. ದೇವಸ್ಥಾನ ರಾಜಕೀಯಕ್ಕೆ ಇಳಿದರೆ ತೆರಿಗೆ ವಿನಾಯಿತಿ ಹೋಗುತ್ತದೆ ಎನ್ನುತ್ತಾರೆ. ಚುನಾವಣೆಯಲ್ಲಿ ಅಭ್ಯರ್ಥಿಯ ಪರವಾಗಿಯೋ ವಿರುದ್ಧವಾಗಿಯೋ ಪ್ರಚಾರ ಮಾಡಬಾರದೆಂಬ ನಿಯಮ 1954ರಿಂದ ಇದೆ, ನಾವು ಅದನ್ನು ಪಾಲಿಸಬೇಕು. ವಸತಿಯಂಥ ವಿಷಯದ ಬಗ್ಗೆ ಮಾತನಾಡಲು ಅಡ್ಡಿಯಿಲ್ಲ. ಕಾಯಿದೆಗಾಗಿ ಒತ್ತಾಯಿಸುವುದೂ ಸಂಸ್ಥೆಯ ಕೆಲಸದ ದೊಡ್ಡ ಪಾಲಾಗದ ಮಟ್ಟಿಗೆ ಸಮ್ಮತವೇ. ಚರ್ಚುಗಳ ಜೊತೆ ಬೆರೆತರೆ ಮತಾಂತರದ ಬಲೆಗೆ ಬೀಳುತ್ತೇವೆ ಎಂಬ ಭಯವೂ ಇದೆ. ಯಹೂದಿಗಳು, ಮುಸ್ಲಿಮರು ವರ್ಷಗಳಿಂದ ಈ ಸಂಘಟನೆಗಳಲ್ಲಿದ್ದು ತಮ್ಮ ಮತದಲ್ಲೇ ಇದ್ದಾರೆ. ಒಬ್ಬರು ಬೈಬಲ್ಲಿನ ಕೀರ್ತನೆ ಓದಿದರೆ ಇನ್ನೊಬ್ಬರು ಕುರ್‌ಆನಿನ ಸೂಕ್ತಿ ಓದುತ್ತಾರೆ, ನಾವು ನಮ್ಮ ಶಾಂತಿಮಂತ್ರ ಹೇಳಬಹುದು.

ಹೊರಗೆ ನ್ಯಾಯ ಕೇಳುವವರು ಒಳಗೂ ನೋಡಿಕೊಳ್ಳಬೇಕಾಗುತ್ತದೆ ಎಂಬುದೇ ನಿಜವಾದ ಅಳುಕು ಎಂದು ನನಗೆ ತೋರುತ್ತದೆ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಸ್‌ಮೆಂಟ್ ಬಾಡಿಗೆಗಿದೆ, ಹಿಂದೂಗಳಿಗೆ ಮಾತ್ರ ಎಂಬ ಜಾಹೀರಾತುಗಳು ನಿತ್ಯ ಬರುತ್ತವೆ. ಇನ್ನೂ ಮುಂದೆ ಹೋಗಿ ಹೆಸರು, ಅಡ್ಡಹೆಸರು ಕೇಳಿ ಜಾತಿಯನ್ನು ಅಂದಾಜಿಸಿದ ಮೇಲೆಯೇ ಮನೆ ತೋರಿಸುವವರಿದ್ದಾರೆ. ಮಾಲೀಕನೇ ವಾಸವಿರುವ ಸಣ್ಣ ಮನೆಗೆ 1968ರ ಕೇಂದ್ರ ಕಾಯಿದೆಯ ಕೆಲವು ನಿಯಮಗಳಿಂದ ವಿನಾಯಿತಿ ಇದ್ದರೂ ಧರ್ಮದ ಆಧಾರದ ಜಾಹೀರಾತಿಗೆ ವಿನಾಯಿತಿ ಇಲ್ಲ. ಜಾತಿಯ ತಾರತಮ್ಯವನ್ನು ಸಿಯಾಟಲ್ ನಗರ 2023ರಲ್ಲಿ ಹೆಸರಿಸಿಯೇ ನಿಷೇಧಿಸಿತು. ಆ ಚರ್ಚೆಯಲ್ಲಿ ನಮ್ಮವರಲ್ಲಿ ಅನೇಕರು ನೊಂದರು, ಸಿಟ್ಟಾದರು. ನೋವೇನೇ ಇರಲಿ, ಸಮುದ್ರ ದಾಟಿ ಬಂದ ಮೇಲೂ ಮನೆ ಕೇಳಲು ಹೋದಾಗ ತನ್ನ ಅಡ್ಡಹೆಸರನ್ನು ಮುಚ್ಚಿಡಬೇಕಾದ ಕನ್ನಡದ ಹುಡುಗನಿಗೆ ದೇವಸ್ಥಾನ ಏನು ಹೇಳುತ್ತದೆ? ಧರ್ಮದರ್ಶಿಗಳು ಇದರ ಬಗ್ಗೆ ಸೂಚನಾ ಫಲಕದಲ್ಲಿ ನಾಲ್ಕು ಸಾಲು ಹಾಕಿದರೂ ಅದಕ್ಕೊಂದು ತೂಕವಿರುತ್ತದೆ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟು. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ನಮ್ಮ ಪ್ರದೇಶದ ಸರ್ವಧರ್ಮ ಸಂಘಟನೆಯ ಪ್ರತಿನಿಧಿಯನ್ನು ಅಂದು ಆಹ್ವಾನಿಸಿ. ದೇವಸ್ಥಾನದ ಪರವಾಗಿ ಮಾತನಾಡುವ ಅಧಿಕಾರವುಳ್ಳ ನಾಲ್ಕೈದು ಜನರನ್ನು, ಅವರಲ್ಲಿ ಬಾಡಿಗೆ ಮನೆಯಲ್ಲಿರುವವರೂ ತರುಣರೂ ಇರುವಂತೆ, ನೇಮಿಸಿ. ವಿಶಾಲ ಜಮೀನು ಹೊಂದಿರುವ ದೇವಸ್ಥಾನಗಳು ಅದರ ಒಂದು ಭಾಗವನ್ನು ಕಡಿಮೆ ಬಾಡಿಗೆಯ ಮನೆಗಳಿಗೆ ಕೊಡುವ ಬಗ್ಗೆಯೂ ಯೋಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಅಂಗೀಕಾರವಾದ ಕಾಯಿದೆಯ ಪ್ರಕಾರ ಧಾರ್ಮಿಕ ಸಂಸ್ಥೆಗಳು ತಮ್ಮ ಜಾಗದಲ್ಲಿ ಅಂಥ ಮನೆಗಳನ್ನು ಕಟ್ಟಲು ಜೋನಿಂಗ್ ಬದಲಾವಣೆಗೆ ಕಾಯಬೇಕಾಗಿಲ್ಲ. ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳಿಗೆ ಬರುವ ಜನಪ್ರತಿನಿಧಿಗಳ ಮುಂದೆ ಈ ಒಂದು ಪ್ರಶ್ನೆಯನ್ನಾದರೂ ಇಡಲಿ. ಕೇಳಿಸಿಕೊಳ್ಳುವ ಮೊದಲ ಕೆಲಸಕ್ಕೆ ನನ್ನ ಸಂಜೆಗಳನ್ನು ಕೊಡಲು ನಾನು ಸಿದ್ಧಳಿದ್ದೇನೆ, ನನ್ನಂತೆ ಇನ್ನೂ ಕೆಲವು ಭಕ್ತರು ಒಪ್ಪಿದ್ದಾರೆ. ಮಂಡಳಿಯ ಉತ್ತರ ಏನೇ ಇರಲಿ, ಅದನ್ನು ಲಿಖಿತವಾಗಿ ಕೊಟ್ಟು, ಎಲ್ಲ ಸದಸ್ಯರಿಗೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನ್ಯೂಜೆರ್ಸಿಯ ಒಬ್ಬ ಭಕ್ತೆ